ಎಕ್ಸ್‌ರೇ ಮೂಳೆ ನೋಡಲು ಮಾತ್ರವೇ? ಬಂದೂಕಿನ ದೋಷವನ್ನೂ ಕಂಡ ರಾಂಟ್‌ಜೆನ್
ಎಕ್ಸ್‌ರೇ ಇರುವುದು ಮೂಳೆ ಮುರಿತ ನೋಡಲಷ್ಟೇ ಎಂದು ಹಲವರು ತಿಳಿದಿದ್ದಾರೆ. ಅದು ನಿಜವಲ್ಲ.

1845ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರ್ 8ರಂದು ಈ ಕಿರಣವನ್ನು ಪತ್ತೆ ಮಾಡಿದರು. ಮೊದಲು ಪತ್ನಿಯ ಕೈ, ಮರುವರ್ಷ ತಮ್ಮ ಬೇಟೆ ಬಂದೂಕಿನ ಚಿತ್ರ ತೆಗೆದರು. ನಳಿಕೆಯನ್ನು ಕತ್ತರಿಸದೆಯೇ ಒಳಗಿನ ದೋಷ ಕಾಣಿಸಿತು. 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಪಡೆದರು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. 1923ರಲ್ಲಿ ತೀರಿಕೊಂಡರು.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಕಬ್ಬು ನುರಿಸುವ ಕಾರ್ಖಾನೆಗಳಿಗೆ ಬೇಕಾಗುವಂಥ ಬಾಯ್ಲರ್‌ಗಳ ವೆಲ್ಡಿಂಗ್ ಪರೀಕ್ಷೆಗೂ ಇದೇ ವಿಧಾನ ಬಳಸುತ್ತಾರೆ. ಬೆಸುಗೆ ಬಿಟ್ಟರೆ ಬಾಯ್ಲರ್ ಸಿಡಿದು ಜೀವ ಹೋಗಬಹುದು. ಬಿರುಕಿದ್ದಲ್ಲಿ ಹೆಚ್ಚು ಕಿರಣ ದಾಟಿ ಫಿಲ್ಮ್ ಕಪ್ಪಾಗುತ್ತದೆ. ಕಿರಣಕ್ಕೆ ಅಡ್ಡಲಾಗಿರುವ ತೆಳು ಬಿರುಕು ತಪ್ಪಿಸಿಕೊಳ್ಳಬಹುದು. ಅದಕ್ಕೆ ಅಲ್ಟ್ರಾಸೌಂಡ್ ಬೇಕು.

ನೆನಪಿಡಿ: ಎಕ್ಸ್‌ರೇ ತೆಗೆದ ಲೋಹದಲ್ಲಿ ವಿಕಿರಣ ಉಳಿಯುವುದಿಲ್ಲ.