ಗೆಲಿಲಿಯೋನ ಗುಂಡು, ನನ್ನ ತಪ್ಪಿದ ಲೆಕ್ಕ



ಕಳೆದ ಕಿರುಪರೀಕ್ಷೆಯ ಬೀಜಗಣಿತದ ಲೆಕ್ಕ ನಿಮಗೆ ನೆನಪಿರಬಹುದು. ಬೀಳುವ ಕಲ್ಲು ಕ್ರಮಿಸುವ ದೂರವು ಕಾಲದ ವರ್ಗಕ್ಕೆ ನೇರ ಅನುಪಾತದಲ್ಲಿದೆ. 2 ಸೆಕೆಂಡಿನಲ್ಲಿ 20 ಮೀಟರ್ ಬಿದ್ದರೆ 5 ಸೆಕೆಂಡಿನಲ್ಲಿ ಎಷ್ಟು? ನಾನು ಹಿಂದೆಮುಂದೆ ನೋಡದೆ 50 ಅಂತ ಬರೆದೆ. ವರ್ಗ ಅನ್ನುವ ಮಾತು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. 4 ಅಂಕ ಹೋಯ್ತು. ಗಣಿತದ ಸರ್ ಬೈಯಲಿಲ್ಲ. ಈ ನಿಯಮ ಕಂಡುಹಿಡಿದವನ ಜೀವನಚರಿತ್ರೆ ಓದಿ ಗೋಡೆಪತ್ರಿಕೆಗೆ ಬರೆ ಅಂದರು. ಹಾಗಾಗಿ ಬರೆಯುತ್ತಿದ್ದೇನೆ.

ಗೆಲಿಲಿಯೋ ಹುಟ್ಟಿದ್ದು 1564ರಲ್ಲಿ, ಇಟಲಿಯ ಪೀಸಾ ನಗರದಲ್ಲಿ. ತಂದೆ ವಿಂಚೆನ್ಜೋ ಸಂಗೀತಗಾರ. ಮಗ ಡಾಕ್ಟರ್ ಆಗಲಿ ಅಂತ ತಂದೆಗೆ ಆಸೆ. ಮಗನ ಮನಸ್ಸು ಗಣಿತದ ಕಡೆ. 1585ರಲ್ಲಿ ಪದವಿ ಇಲ್ಲದೆಯೇ ವೈದ್ಯ ಓದು ಬಿಟ್ಟುಬಿಟ್ಟ. ಆದರೂ 4 ವರ್ಷದಲ್ಲೇ ಅದೇ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಉಪಾಧ್ಯಾಯನಾದ. 1591ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಹೆಗಲಿಗೆ ಬಿತ್ತು, ತಂಗಿಯರ ವರದಕ್ಷಿಣೆ ಸಾಲವೂ ಸೇರಿ. 1592ರಲ್ಲಿ ಪಡುವಾ ನಗರಕ್ಕೆ ಹೋದ. ಸಂಬಳ ಸಾಲದೆ ವಿದ್ಯಾರ್ಥಿಗಳನ್ನು ಮನೆಯಲ್ಲೇ ಇಟ್ಟುಕೊಂಡು ಪಾಠ ಹೇಳುತ್ತಿದ್ದ.

ಪೀಸಾದ ವಾಲಿದ ಗೋಪುರದಿಂದ ಗುಂಡು ಬೀಳಿಸಿದ ಕಥೆ ನಾವೆಲ್ಲ ಕೇಳಿದ್ದೇವೆ. ಅದು ನಡೆದೇ ಇರಲಿಕ್ಕಿಲ್ಲ ಅಂತ ಅನೇಕ ಇತಿಹಾಸಕಾರರ ಅಭಿಪ್ರಾಯ. ನನಗೇನೋ ಹಲಗೆಯ ಕಥೆಯೇ ಹೆಚ್ಚು ಇಷ್ಟವಾಯ್ತು. ನೇರ ಬೀಳುವ ವಸ್ತು ಬಲು ವೇಗ, ಅಳೆಯುವುದಕ್ಕೆ ಆಗ ಅಷ್ಟು ನಿಖರವಾದ ಗಡಿಯಾರವಿಲ್ಲ. ಅದಕ್ಕೇ ಅವನು ಬೀಳುವುದನ್ನೇ ನಿಧಾನ ಮಾಡಿದ. ಸುಮಾರು 7 ಮೀಟರ್ ಉದ್ದದ ಮರದ ಹಲಗೆಯಲ್ಲಿ ಬೆರಳಗಲದ ಕಾಲುವೆ ಕೊರೆದು, ನುಣುಪಾಗಲಿ ಅಂತ ಒಳಗೆ ಹದ ಮಾಡಿದ ತೊಗಲು ಅಂಟಿಸಿ, ಒಂದು ತುದಿ ಸ್ವಲ್ಪ ಎತ್ತಿ, ಕಂಚಿನ ಗುಂಡು ಉರುಳಿಬಿಟ್ಟ. ಕಾಲ ಅಳೆಯಲು ದೊಡ್ಡ ಪಾತ್ರೆಯ ತಳಕ್ಕೆ ಸಣ್ಣ ಕೊಳವೆ. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಹಿಡಿದು ತಕ್ಕಡಿಯಲ್ಲಿ ತೂಗುತ್ತಿದ್ದ. ನೀರು ಎರಡರಷ್ಟು ಬಂದರೆ ಕಾಲವೂ ಎರಡರಷ್ಟು!

ಕಾಲುಭಾಗ ಹಲಗೆ ಉರುಳಲು ಎಷ್ಟು ಹೊತ್ತೋ, ಇಡೀ ಹಲಗೆಗೆ ಅದರ ನಾಲ್ಕರಷ್ಟಲ್ಲ, ಬರೀ ಎರಡರಷ್ಟು ಹೊತ್ತು. ಕಾಲ 2 ಪಟ್ಟು, ದೂರ 4 ಪಟ್ಟು. ಕಾಲ 3 ಪಟ್ಟು, ದೂರ 9 ಪಟ್ಟು. ನೂರು ಸಲ ಮಾಡಿ ನೋಡಿದನಂತೆ. ನಮ್ಮ ಹಾಗೆ ಅಕ್ಷರ ಇಟ್ಟು ಸಮೀಕರಣ ಬರೆಯಲಿಲ್ಲ, ಎಲ್ಲವನ್ನೂ ಅನುಪಾತದ ಮಾತಿನಲ್ಲೇ ಹೇಳಿದ.

ಈಗ ನನಗೆ ಸಮಾಧಾನ ಕೊಟ್ಟ ಸಂಗತಿ. 1604ರಲ್ಲಿ ಗೆಳೆಯ ಪಾವ್ಲೋ ಸಾರ್ಪಿಗೆ ಬರೆದ ಕಾಗದದಲ್ಲಿ ಅವನು ವರ್ಗದ ನಿಯಮವನ್ನು ಸರಿಯಾಗಿಯೇ ಹೇಳಿ, ಕಾರಣವನ್ನು ತಪ್ಪು ಕೊಟ್ಟಿದ್ದ. ವೇಗ ಹೆಚ್ಚುವುದು ಬಿದ್ದ ದೂರಕ್ಕೆ ಅನುಪಾತವಾಗಿ ಅಂದುಕೊಂಡಿದ್ದ. ನಿಜವಾಗಿ ಅದು ಕಾಲಕ್ಕೆ ಅನುಪಾತ. ಆಮೇಲೆ ತಾನೇ ತಿದ್ದಿಕೊಂಡ. ಅಂಥವನಿಗೂ ಈ ಲೆಕ್ಕ ಒಂದೇ ಸಲಕ್ಕೆ ಬರಲಿಲ್ಲ ನೋಡಿ.

1609ರಲ್ಲಿ ದೂರದರ್ಶಕ ಮಾಡಿ, ಮರುವರ್ಷ ಗುರುಗ್ರಹದ 4 ಚಂದ್ರರನ್ನು ಕಂಡಿದ್ದು ಪಠ್ಯದಲ್ಲೇ ಇದೆ, ಬಿಡುತ್ತೇನೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ವಾದವನ್ನು ಎತ್ತಿಹಿಡಿದು 1632ರಲ್ಲಿ ಪುಸ್ತಕ ತಂದ. ಮರುವರ್ಷ ರೋಮಿನಲ್ಲಿ ವಿಚಾರಣೆ. 69ರ ಮುದುಕನನ್ನು ಮಂಡಿಯೂರಿಸಿ ಮಾತು ಹಿಂತೆಗೆಸಿದರು. ಆಮೇಲೆ ಕೊನೆತನಕ ಗೃಹಬಂಧನ. ಫ್ಲಾರೆನ್ಸ್ ಹತ್ತಿರದ ಆರ್ಚೆಟ್ರಿ ಊರಿನ ಮನೆ ಸೇರಿದ. ಸನ್ಯಾಸಿನಿಯಾಗಿದ್ದ ಹಿರಿಮಗಳು ಅಲ್ಲೇ ಹತ್ತಿರದ ಮಠದಲ್ಲಿದ್ದಳು, ಅವಳೇ ಅವನಿಗೆ ಆಸರೆ. 1634ರಲ್ಲಿ ಅವಳೂ ತೀರಿಕೊಂಡಳು. ಇದನ್ನು ಓದುವಾಗ ನನಗೆ ಗಂಟಲು ಕಟ್ಟಿತು.

ಅಂಥ ಹೊತ್ತಿನಲ್ಲೇ ಅವನು ಹಳೆಯ ಹಲಗೆ, ಗುಂಡಿನ ಟಿಪ್ಪಣಿಗಳನ್ನು ತೆಗೆದು ಪುಸ್ತಕ ಬರೆದು ಮುಗಿಸಿದ. ಇಟಲಿಯಲ್ಲಿ ಅಚ್ಚು ಹಾಕುವಂತಿರಲಿಲ್ಲ. 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯ್ತು. ಅಷ್ಟರಲ್ಲಿ ಅವನ ಎರಡೂ ಕಣ್ಣು ಹೋಗಿದ್ದವು. ನಮ್ಮ ಲೆಕ್ಕದ ವರ್ಗದ ನಿಯಮ ಇರುವುದು ಆ ಪುಸ್ತಕದಲ್ಲಿ. 1642ರ ಜನವರಿ 8ರಂದು ತೀರಿಕೊಂಡ. ಅವನ ವಿಷಯದಲ್ಲಿ ತಪ್ಪಾಗಿತ್ತೆಂದು ಪೋಪ್ ಎರಡನೇ ಜಾನ್ ಪಾಲ್ ಒಪ್ಪಿಕೊಂಡಿದ್ದು 1992ರಲ್ಲಿ!

ಈಗ ನನ್ನ ಲೆಕ್ಕ. ಮೊದಲು ಕಾಲದ ವರ್ಗ: 2ರ ವರ್ಗ 4. ದೂರ 20ನ್ನು 4ರಿಂದ ಭಾಗಿಸಿದರೆ ಸ್ಥಿರಾಂಕ 5. ಇನ್ನು 5ರ ವರ್ಗ 25. ಅದನ್ನು ಸ್ಥಿರಾಂಕದಿಂದ ಗುಣಿಸಿದರೆ 125 ಮೀಟರ್. ನಾನು ವರ್ಗ ಮಾಡದೆ 20ನ್ನು 2ರಿಂದಲೇ ಭಾಗಿಸಿದ್ದೆ, ಅದಕ್ಕೇ 50 ಬಂತು.

ಕಳೆದ ಭಾನುವಾರ ನಾನೂ ನನ್ನ ತಮ್ಮನೂ ಅಡಿಕೆ ದಬ್ಬೆಯ ಒಂದು ತುದಿಗೆ ಇಟ್ಟಿಗೆ ಕೊಟ್ಟು ಗೋಲಿ ಬಿಟ್ಟೆವು. ಮೇಲಿನಿಂದ 1, 4, 9 ಗೇಣಿಗೆ ಸುಣ್ಣದ ಗುರುತು. ತಮ್ಮ ಒಂದೇ ಸಮ ಚಪ್ಪಾಳೆ ತಟ್ಟಬೇಕು. ಅವನ ತಾಳ ಹೊಂದಿಸುವಷ್ಟರಲ್ಲಿ ಸಾಕುಸಾಕಾಯ್ತು. ಹತ್ತಾರು ಸಲ ಆದಮೇಲೆ ಮೂರು ಚಪ್ಪಾಳೆಗೆ ಮೂರು ಗುರುತನ್ನೂ ಗೋಲಿ ದಾಟಿತು. ದಬ್ಬೆ ಇನ್ನೂ ನಮ್ಮ ಕೊಟ್ಟಿಗೆಯ ಹಿಂದೆ ಇದೆ. ನೋಡಬೇಕೆನ್ನುವವರು ಬನ್ನಿ, ಗೋಲಿ ಮಾತ್ರ ನೀವೇ ತನ್ನಿ, ನಮ್ಮದು ಬಚ್ಚಲ ಮೋರಿಗೆ ಬಿದ್ದುಹೋಯ್ತು.