ಗೌಹರ್ ಜಾನ್

ಗೌಹರ್ ಜಾನ್ (26 ಜೂನ್ 1873 – 17 ಜನವರಿ 1930) ಹಿಂದೂಸ್ತಾನಿ ಸಂಗೀತದ ಪ್ರಖ್ಯಾತ ಗಾಯಕಿ ಹಾಗೂ ನರ್ತಕಿ. ಭಾರತದಲ್ಲಿ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡಿದ ಮೊದಲ ತಲೆಮಾರಿನ ಕಲಾವಿದರಲ್ಲಿ ಇವರು ಅಗ್ರಗಣ್ಯರು. ಅರಮನೆ ಮತ್ತು ಶ್ರೀಮಂತರ ದಿವಾನಖಾನೆಗಳಿಗೆ ಸೀಮಿತವಾಗಿದ್ದ ಖಯಾಲ್, ಠುಮ್ರಿ, ದಾದ್ರಾ, ಗಜಲ್ ಮುಂತಾದ ಗಾಯನ ಪ್ರಕಾರಗಳನ್ನು ಸುಮಾರು ಮೂರು ನಿಮಿಷಗಳ ಧ್ವನಿಮುದ್ರಿಕೆಗೆ ಅಳವಡಿಸಿ ಸಾಮಾನ್ಯ ಜನರ ಮನೆಗಳಿಗೆ ತಲುಪಿಸಿದ ಕೀರ್ತಿ ಇವರಿಗೆ ಸಲ್ಲುತ್ತದೆ. 1902ರಿಂದ 1920ರವರೆಗಿನ ಅವಧಿಯಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಗೀತೆಗಳನ್ನು ಧ್ವನಿಮುದ್ರಿಸಿದರು. ಕಲ್ಕತ್ತೆಯಲ್ಲಿ ಅಪಾರ ಐಶ್ವರ್ಯವನ್ನೂ ಖ್ಯಾತಿಯನ್ನೂ ಗಳಿಸಿದ ಇವರು ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಆಸ್ಥಾನ ಗಾಯಕಿಯಾಗಿ ಕಳೆದು ಅಲ್ಲಿಯೇ ನಿಧನರಾದರು.

ಜನನ ಮತ್ತು ಬಾಲ್ಯ

ಗೌಹರ್ ಜಾನ್ ಅವರು ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಜನಿಸಿದರು. ಇವರ ಹುಟ್ಟುಹೆಸರು ಐಲೀನ್ ಆಂಜೆಲಿನಾ ಯೋವರ್ಡ್. ತಂದೆ ರಾಬರ್ಟ್ ವಿಲಿಯಂ ಯೋವರ್ಡ್ ಅರ್ಮೇನಿಯನ್ ಮೂಲದವರು. ಮಂಜುಗಡ್ಡೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ತಾಯಿ ವಿಕ್ಟೋರಿಯಾ ಹೆಮಿಂಗ್ಸ್ ಬ್ರಿಟಿಷ್ ತಂದೆ ಮತ್ತು ಭಾರತೀಯ ತಾಯಿಯ ಮಗಳು. ವಿಕ್ಟೋರಿಯಾ ಅವರಿಗೆ ಸಂಗೀತ, ನೃತ್ಯಗಳಲ್ಲಿ ಪರಿಶ್ರಮವಿತ್ತು. ಈ ದಾಂಪತ್ಯ ಬಹುಕಾಲ ಉಳಿಯಲಿಲ್ಲ. 1879ರಲ್ಲಿ ವಿಚ್ಛೇದನವಾದಾಗ ಆಂಜೆಲಿನಾಗೆ ಆರು ವರ್ಷ.

ಅನಂತರ ತಾಯಿ ಮಗಳು ಖುರ್ಷಿದ್ ಎಂಬ ಸಂಗೀತಪ್ರಿಯ ಶ್ರೀಮಂತರ ಆಶ್ರಯದಲ್ಲಿ 1881ರಲ್ಲಿ ಬನಾರಸಿಗೆ ಬಂದು ನೆಲೆಸಿದರು. ಅಲ್ಲಿ ಇಬ್ಬರೂ ಇಸ್ಲಾಂ ಮತವನ್ನು ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಎಂದೂ ಆಂಜೆಲಿನಾ ಗೌಹರ್ ಜಾನ್ ಎಂದೂ ಹೆಸರು ಬದಲಾಯಿಸಿಕೊಂಡರು. ಮಲ್ಕಾ ಜಾನ್ ಕೆಲವೇ ವರ್ಷಗಳಲ್ಲಿ ಗಾಯಕಿಯಾಗಿ, ಕಥಕ್ ನರ್ತಕಿಯಾಗಿ ಪ್ರಸಿದ್ಧರಾದರು. ಅದೇ ಹೆಸರಿನ ಬೇರೆ ಗಾಯಕಿಯರೂ ಇದ್ದುದರಿಂದ ಹಿರಿಯರಾದ ಇವರನ್ನು ಬಡೀ ಮಲ್ಕಾ ಜಾನ್ ಎಂದು ಕರೆಯುತ್ತಿದ್ದರು. ಅವರು ಉರ್ದು ಕವಯಿತ್ರಿಯೂ ಆಗಿದ್ದು, 1886ರಲ್ಲಿ ಅವರ ಕವಿತೆಗಳ ಸಂಕಲನ ಪ್ರಕಟವಾಯಿತು.

ಕಲ್ಕತ್ತೆಯ ವಾಸ ಮತ್ತು ಸಂಗೀತ ಶಿಕ್ಷಣ

1883ರಲ್ಲಿ ಮಲ್ಕಾ ಜಾನ್ ಮಗಳೊಡನೆ ಕಲ್ಕತ್ತೆಗೆ ತೆರಳಿದರು. ಬ್ರಿಟಿಷರಿಂದ ರಾಜ್ಯವನ್ನು ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಷಾ ಆ ನಗರದ ಸಮೀಪದ ಮಟಿಯಾಬುರ್ಜ್‌ನಲ್ಲಿ ನೆಲೆಸಿದ್ದನು. ಲಖನೌದ ಅನೇಕ ಗಾಯಕರು, ವಾದಕರು, ನರ್ತಕರು ಅವನನ್ನು ಹಿಂಬಾಲಿಸಿ ಬಂದಿದ್ದರಿಂದ ಅದು ಪೂರ್ವ ಭಾರತದಲ್ಲಿ ಹಿಂದೂಸ್ತಾನಿ ಸಂಗೀತದ ದೊಡ್ಡ ಕೇಂದ್ರವಾಗಿತ್ತು. ಮಲ್ಕಾ ಜಾನ್ ಅವರಿಗೆ ಈ ಆಸ್ಥಾನದಲ್ಲಿ ಸ್ಥಾನ ದೊರೆಯಿತು. ಮೂರು ವರ್ಷಗಳೊಳಗೆ ಅವರು ಚಿತ್ಪುರ ರಸ್ತೆಯಲ್ಲಿ ನಲವತ್ತು ಸಾವಿರ ರೂಪಾಯಿಗಳಿಗೆ ಸ್ವಂತ ಕಟ್ಟಡವನ್ನು ಕೊಂಡರು. ಈ ರಸ್ತೆಗೆ ಈಗ ರವೀಂದ್ರ ಸರಣಿ ಎಂಬ ಹೆಸರಿದೆ.

ಗೌಹರ್ ಅವರ ಶಿಕ್ಷಣ ಈ ಮನೆಯಲ್ಲಿಯೇ ನಡೆಯಿತು. ಪಟಿಯಾಲಾದ ಕಾಲೇ ಖಾನ್, ರಾಂಪುರದ ವಜೀರ್ ಖಾನ್ ಮುಂತಾದ ಉಸ್ತಾದರಲ್ಲಿ ಗಾಯನವನ್ನೂ ಲಖನೌ ಘರಾಣೆಯ ಬಿಂದಾದಿನ್ ಮಹಾರಾಜರಲ್ಲಿ ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಧ್ರುಪದ, ಧಮಾರ್ ಮತ್ತು ಬಂಗಾಳಿ ಕೀರ್ತನೆಗಳನ್ನೂ ಕಲಿತರು. ಉರ್ದು ಸಾಹಿತ್ಯದಲ್ಲಿ ಆಸಕ್ತಿ ಬೆಳೆಸಿಕೊಂಡು ಹಮ್‌ದಮ್ ಎಂಬ ಕಾವ್ಯನಾಮದಿಂದ ಗಜಲ್‌ಗಳನ್ನು ರಚಿಸಿದರು.

ಉತ್ತರ ಭಾರತದಲ್ಲಿ ಇಂತಹ ಕಲಾವಿದೆಯರನ್ನು ತವಾಯಫ್ ಎಂದು ಕರೆಯುತ್ತಿದ್ದರು. ಸಂಗೀತ, ನೃತ್ಯ, ಕಾವ್ಯ ಮತ್ತು ಸಭಾಮರ್ಯಾದೆಗಳಲ್ಲಿ ದೀರ್ಘಕಾಲದ ಶಿಕ್ಷಣ ಪಡೆದ ಈ ಸ್ತ್ರೀಯರಿಗೆ ಸ್ವಂತ ಆಸ್ತಿಯನ್ನು ಹೊಂದುವ ಅವಕಾಶವಿತ್ತು. ಆದರೆ ಕುಟುಂಬಸ್ಥ ಸಮಾಜದಲ್ಲಿ ಅವರಿಗೆ ಸಮಾನ ಗೌರವವಿರಲಿಲ್ಲ. ಗೌಹರ್ ಅವರ ಬದುಕಿನ ಏಳುಬೀಳುಗಳ ಹಿಂದೆ ಈ ಇಬ್ಬಂದಿಯ ಸ್ಥಿತಿ ಕಂಡುಬರುತ್ತದೆ.

ವೃತ್ತಿಜೀವನದ ಆರಂಭ

1887ರಲ್ಲಿ ದರ್ಭಾಂಗಾ ಮಹಾರಾಜರ ಆಸ್ಥಾನದಲ್ಲಿ ಗೌಹರ್ ಅವರ ಮೊದಲ ಪ್ರಮುಖ ಕಚೇರಿ ನಡೆಯಿತು. ಆಗ ಅವರಿಗೆ ಹದಿನಾಲ್ಕು ವರ್ಷ. ಮೆಚ್ಚಿದ ಮಹಾರಾಜರು ಅವರನ್ನು ಆಸ್ಥಾನ ಕಲಾವಿದೆಯಾಗಿ ನೇಮಿಸಿದರು. 1896ರಿಂದ ಕಲ್ಕತ್ತೆಯಲ್ಲಿ ಕಚೇರಿಗಳನ್ನು ನೀಡತೊಡಗಿದರು. ಬೇರೆ ಬೇರೆ ಸಂಸ್ಥಾನಗಳಿಂದಲೂ ಆಹ್ವಾನಗಳು ಬರತೊಡಗಿದವು.

ಧ್ವನಿಮುದ್ರಣ

1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯು ಭಾರತೀಯ ಸಂಗೀತವನ್ನು ಮುದ್ರಿಸಿಕೊಳ್ಳಲು ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ತಂತ್ರಜ್ಞನನ್ನು ಕಲ್ಕತ್ತೆಗೆ ಕಳುಹಿಸಿತು. ನವೆಂಬರ್ ತಿಂಗಳಲ್ಲಿ ಹೋಟೆಲೊಂದರ ಕೋಣೆಯನ್ನೇ ತಾತ್ಕಾಲಿಕ ಸ್ಟುಡಿಯೋ ಆಗಿ ಮಾರ್ಪಡಿಸಿ ಅವನು ಕೆಲಸ ಆರಂಭಿಸಿದನು. ಭಾರತದಲ್ಲಿ ಗ್ರಾಮಫೋನಿಗಾಗಿ ಹಾಡಿದ ಮೊದಲಿಗರು ಗೌಹರ್ ಜಾನ್ ಎಂಬ ಮಾತು ಜನಜನಿತವಾಗಿದೆ. ಆದರೆ ಅವರಿಗಿಂತ ಕೆಲವು ದಿನ ಮೊದಲೇ ಅಲ್ಲಿನ ಕ್ಲಾಸಿಕ್ ಥಿಯೇಟರಿನ ಶಶಿಮುಖಿ ಮತ್ತು ಫಣಿಬಾಲಾ ಎಂಬ ಕಿರಿಯ ಗಾಯಕಿಯರ ಹಾಡುಗಳು ಮುದ್ರಣಗೊಂಡಿದ್ದವು. ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಪ್ರಸಿದ್ಧ ಕಲಾವಿದರೊಬ್ಬರು ಈ ಯಂತ್ರದ ಮುಂದೆ ಹಾಡಿದ್ದು ಗೌಹರ್ ಅವರಿಂದ ಆರಂಭವಾಯಿತು ಎಂಬುದೇ ಅವರ ನಿಜವಾದ ಹಿರಿಮೆ. ಒಂದು ಧ್ವನಿಮುದ್ರಣಕ್ಕೆ ಅವರು ಮೂರು ಸಾವಿರ ರೂಪಾಯಿಗಳ ಸಂಭಾವನೆ ಪಡೆದರೆಂದು ಹೇಳಲಾಗುತ್ತದೆ.

ಅಂದಿನ ಧ್ವನಿಮುದ್ರಣದಲ್ಲಿ ಮೈಕ್ರೋಫೋನ್ ಇರಲಿಲ್ಲ. ಗಾಯಕರು ದೊಡ್ಡ ಕಹಳೆಯಾಕಾರದ ಕೊಳವೆಯೊಳಕ್ಕೆ ಗಟ್ಟಿಯಾದ ದನಿಯಲ್ಲಿ ಹಾಡಬೇಕಾಗಿತ್ತು. ಧ್ವನಿಯ ಒತ್ತಡದಿಂದ ಕಂಪಿಸುವ ಸೂಜಿಯು ತಿರುಗುವ ಮೇಣದ ಫಲಕದ ಮೇಲೆ ಗೆರೆಯನ್ನು ಕೊರೆಯುತ್ತಿತ್ತು. ಮುಖವನ್ನು ಅತ್ತಿತ್ತ ತಿರುಗಿಸುವಂತಿರಲಿಲ್ಲ, ಅಭಿನಯಕ್ಕೂ ಅವಕಾಶವಿರಲಿಲ್ಲ. ತಟ್ಟೆಯ ಗಾತ್ರಕ್ಕನುಗುಣವಾಗಿ ಎರಡು ಮೂರು ನಿಮಿಷಗಳಲ್ಲಿ ಹಾಡು ಮುಗಿಯಬೇಕಿತ್ತು. ತಾಸುಗಟ್ಟಲೆ ಒಂದೇ ರಾಗವನ್ನು ವಿಸ್ತರಿಸುತ್ತಿದ್ದ ಅನೇಕ ಉಸ್ತಾದರು ಈ ಕಾರಣಕ್ಕಾಗಿ ಯಂತ್ರದಿಂದ ದೂರ ಉಳಿದರು. ತಮ್ಮ ವಿದ್ಯೆಯನ್ನು ಇತರರು ಕದಿಯುವರೆಂಬ ಅಂಜಿಕೆಯೂ ಹಲವರಲ್ಲಿತ್ತು.

ಗೌಹರ್ ಈ ಮಿತಿಯನ್ನೇ ಹೊಸ ರೂಪವಾಗಿ ಬಳಸಿಕೊಂಡರು. ಆಲಾಪವನ್ನು ಅತ್ಯಂತ ಸಂಕ್ಷಿಪ್ತಗೊಳಿಸಿ, ರಾಗದ ಮುಖ್ಯ ಸ್ವರಸಂಚಾರ ಆರಂಭದಲ್ಲಿಯೇ ಸ್ಪಷ್ಟವಾಗುವಂತೆ ಮಾಡಿ, ಸ್ಥಾಯಿ ಮತ್ತು ಅಂತರಾಗಳನ್ನು ಹಾಡಿ, ಚುರುಕಾದ ತಾನ್‌ಗಳೊಂದಿಗೆ ಮುಗಿಸುವ ಕ್ರಮವನ್ನು ರೂಢಿಸಿಕೊಂಡರು. ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಮೇಣದ ಫಲಕಗಳನ್ನು ಜರ್ಮನಿಯ ಹ್ಯಾನೋವರ್ ನಗರಕ್ಕೆ ಕಳುಹಿಸಿ, ಅಲ್ಲಿ ಅರಗಿನ ತಟ್ಟೆಗಳನ್ನು ತಯಾರಿಸಲಾಗುತ್ತಿತ್ತು. ಭಾರತೀಯ ಭಾಷೆಗಳನ್ನು ತಿಳಿಯದ ಅಲ್ಲಿನ ಕೆಲಸಗಾರರಿಗೆ ಗಾಯಕರನ್ನು ಗುರುತಿಸಲು ಈ ಘೋಷಣೆ ನೆರವಾಗುತ್ತಿತ್ತು. ಕೇಳುಗರಿಗೆ ಅದೇ ಅವರ ಗುರುತಾಗಿ ಉಳಿಯಿತು.

ಇವರು ಹಿಂದೂಸ್ತಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಪರ್ಷಿಯನ್, ಅರಬ್ಬಿ, ಪಷ್ತೋ, ಫ್ರೆಂಚ್, ಇಂಗ್ಲಿಷ್ ಮೊದಲಾದ ಭಾಷೆಗಳಲ್ಲಿ ಹಾಡಿದ್ದಾರೆ. ಖಯಾಲ್, ಠುಮ್ರಿ, ದಾದ್ರಾ, ಕಜರಿ, ಹೋರಿ, ಚೈತಿ, ತರಾನಾ, ಭಜನೆ ಮುಂತಾದ ಪ್ರಕಾರಗಳು ಅವುಗಳಲ್ಲಿ ಸೇರಿವೆ.

ಖ್ಯಾತಿಯ ದಿನಗಳು

ಧ್ವನಿಮುದ್ರಿಕೆಗಳ ಮಾರಾಟದಿಂದ ಗೌಹರ್ ಜಾನ್ ಅವರ ಹೆಸರು ದೇಶದಾದ್ಯಂತ ಹರಡಿತು. ಅವರ ಭಾವಚಿತ್ರಗಳು ಅಂಚೆ ಕಾರ್ಡುಗಳ ಮೇಲೂ ಬೆಂಕಿಪೊಟ್ಟಣಗಳ ಮೇಲೂ ಕಾಣಿಸಿಕೊಂಡವು. ಬೆಲೆಬಾಳುವ ಉಡುಪು, ಒಡವೆಗಳಿಗೂ ಅವರು ಹೆಸರಾಗಿದ್ದರು. ಅವರ ವೈಭವದ ಜೀವನದ ಬಗ್ಗೆ ಅನೇಕ ಕಥೆಗಳು ಪ್ರಚಲಿತವಾಗಿವೆ. ಸಾಮಾನ್ಯರಿಗೆ ನಿಷಿದ್ಧವಾಗಿದ್ದ ಕುದುರೆ ಸಾರೋಟಿನಲ್ಲಿ ಸಂಚರಿಸಿ ದಂಡ ತೆರುತ್ತಿದ್ದರೆಂಬುದು ಅವುಗಳಲ್ಲೊಂದು.

1910ರಲ್ಲಿ ಮದರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಕಚೇರಿ ನೀಡಿದರು. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆಯ ಗೌರವಾರ್ಥ ನಡೆದ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿ ಅವರೊಂದಿಗೆ ಹಾಡಿದರು.

ವೈಯಕ್ತಿಕ ಜೀವನ ಮತ್ತು ವ್ಯಾಜ್ಯಗಳು

ಸಾರ್ವಜನಿಕ ಬದುಕಿನ ಯಶಸ್ಸು ವೈಯಕ್ತಿಕ ಬದುಕಿನಲ್ಲಿ ಇರಲಿಲ್ಲ. ತಾಯಿ ಮಲ್ಕಾ ಜಾನ್ 1906ರಲ್ಲಿ ತೀರಿಕೊಂಡರು. ಗುಜರಾತಿ ಮತ್ತು ಉರ್ದು ರಂಗಭೂಮಿಯ ನಟ ಅಮೃತ ಕೇಶವ ನಾಯಕ್ ಅವರೊಂದಿಗೆ ಗೌಹರ್ ಅವರಿಗೆ ಆತ್ಮೀಯ ಸಂಬಂಧವಿತ್ತು. ಅವರೂ 1907ರಲ್ಲಿ ಅಕಾಲ ಮರಣಕ್ಕೀಡಾದರು.

ತಾಯಿಯ ಮರಣಾನಂತರ, ಅವರ ಮನೆಯಲ್ಲಿಯೇ ಬೆಳೆದಿದ್ದ ಸೇವಕಿಯ ಮಗ ಭಗಲು ಎಂಬವನು ತಾನೇ ಮಲ್ಕಾ ಜಾನರ ಮಗನೆಂದೂ ಆಸ್ತಿಗೆ ಹಕ್ಕುದಾರನೆಂದೂ ನ್ಯಾಯಾಲಯಕ್ಕೆ ಹೋದನು. ಇದರಿಂದ ದೇಶವೆಲ್ಲ ಹೆಸರಿನಿಂದ ಬಲ್ಲ ಗಾಯಕಿಯು ತನ್ನ ಜನ್ಮವನ್ನೇ ಸಾಬೀತುಪಡಿಸಬೇಕಾದ ಸ್ಥಿತಿ ಒದಗಿತು. ಬಾಲ್ಯದಲ್ಲಿಯೇ ಅಗಲಿದ್ದ ತಂದೆಯನ್ನು ಹುಡುಕಿ ಅವರಿಂದ ಸಾಕ್ಷ್ಯ ಪಡೆಯಬೇಕಾಯಿತು. ವ್ಯಾಜ್ಯದಲ್ಲಿ ಗೌಹರ್ ಗೆದ್ದರು.

ಮುಂದೆ ತಮ್ಮ ಕಾರ್ಯದರ್ಶಿಯಾಗಿದ್ದ, ತಮಗಿಂತ ಕಿರಿಯನಾದ ಸೈಯದ್ ಗುಲಾಂ ಅಬ್ಬಾಸ್ ಎಂಬವನನ್ನು ವಿವಾಹವಾದರು. ಅವನ ಮೇಲಿನ ವಿಶ್ವಾಸದಿಂದ ಆಸ್ತಿಯನ್ನು ಅವನ ಹೆಸರಿಗೆ ಬರೆದುಕೊಟ್ಟಿದ್ದರು. ಸಂಬಂಧ ಕೆಟ್ಟ ಮೇಲೆ ಅದನ್ನು ಮರಳಿ ಪಡೆಯಲು ಮತ್ತೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಈ ವ್ಯಾಜ್ಯಗಳ ಖರ್ಚಿನಿಂದ ಗಳಿಸಿದ ಸಂಪತ್ತಿನ ಬಹುಭಾಗ ಕರಗಿಹೋಯಿತು.

ಮೈಸೂರಿನಲ್ಲಿ ಕೊನೆಯ ದಿನಗಳು

ಕಲ್ಕತ್ತೆಯನ್ನು ಬಿಟ್ಟು ಕೆಲಕಾಲ ಬೇರೆ ಊರುಗಳಲ್ಲಿ ಕಳೆದ ಗೌಹರ್ ಅವರಿಗೆ ಕೊನೆಗೆ ಮೈಸೂರಿನಲ್ಲಿ ಆಶ್ರಯ ದೊರೆಯಿತು. ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು ಕರ್ನಾಟಕ ಸಂಗೀತದ ಜೊತೆಗೆ ಹಿಂದೂಸ್ತಾನಿ ಸಂಗೀತಕ್ಕೂ ಪ್ರೋತ್ಸಾಹ ನೀಡುತ್ತಿದ್ದರು. ಮೈಸೂರು ವಾಸುದೇವಾಚಾರ್ಯ, ಬಿಡಾರಂ ಕೃಷ್ಣಪ್ಪ, ಮುತ್ತಯ್ಯ ಭಾಗವತರ್ ಮೊದಲಾದ ವಿದ್ವಾಂಸರಿದ್ದ ಆಸ್ಥಾನವದು. ಆಗ್ರಾ ಘರಾಣೆಯ ಫೈಯಾಜ್ ಖಾನ್ ಅವರಿಗೆ ಅಫ್ತಾಬ್-ಎ-ಮೌಸಿಕಿ ಎಂಬ ಬಿರುದು ದೊರೆತದ್ದೂ ಇಲ್ಲಿಯೇ.

1928ರ ಆಗಸ್ಟ್ 1ರಂದು ಗೌಹರ್ ಜಾನ್ ಅವರು ತಿಂಗಳಿಗೆ ಐದುನೂರು ರೂಪಾಯಿಗಳ ಸಂಬಳದ ಮೇಲೆ ಅರಮನೆಯ ಗಾಯಕಿಯಾಗಿ ನೇಮಕಗೊಂಡರು. ವಾಸಕ್ಕೆ ದಿಲ್‌ಖುಷ್ ಕಾಟೇಜ್ ಎಂಬ ಮನೆಯನ್ನು ನೀಡಲಾಯಿತು. ಆದರೆ ಆ ವೇಳೆಗೆ ಅವರ ಆರೋಗ್ಯ ಕುಸಿದಿತ್ತು. ನೇಮಕವಾದ ಒಂದೂವರೆ ವರ್ಷದೊಳಗೆ, 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ನಿಧನರಾದರು. ಆಗ ಅವರಿಗೆ 56 ವರ್ಷ.

ಪ್ರಭಾವ ಮತ್ತು ಸ್ಮರಣೆ

ಗೌಹರ್ ಜಾನ್ ಅವರ ಯಶಸ್ಸು ಜಾನಕಿ ಬಾಯಿ, ಜೊಹ್ರಾ ಬಾಯಿ ಮೊದಲಾದ ಗಾಯಕಿಯರ ಧ್ವನಿಮುದ್ರಿಕೆಗಳಿಗೂ ಮಾರುಕಟ್ಟೆಯನ್ನು ತೆರೆಯಿತು. ದೂರ ಉಳಿದಿದ್ದ ಉಸ್ತಾದರೂ ಕ್ರಮೇಣ ಗ್ರಾಮಫೋನಿಗೆ ಹಾಡತೊಡಗಿದರು. ಮಹಿಳೆಯರು ಕಚೇರಿಗಳಿಗೆ ಹೋಗುವುದು ಅಪರೂಪವಾಗಿದ್ದ ಕಾಲದಲ್ಲಿ ಮನೆಯಲ್ಲಿಯೇ ಕುಳಿತು ಉತ್ತಮ ಸಂಗೀತವನ್ನು ಕೇಳುವ ಅವಕಾಶವನ್ನು ಈ ತಟ್ಟೆಗಳು ಒದಗಿಸಿದವು.

ಬೆಂಗಳೂರಿನ ಲೇಖಕ ವಿಕ್ರಮ್ ಸಂಪತ್ ಬರೆದ ಇವರ ಜೀವನಚರಿತ್ರೆ 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ನಾಟಕಕಾರ ಮಹೇಶ್ ದತ್ತಾನಿ ಇವರ ಬದುಕನ್ನು ಆಧರಿಸಿ ಗೌಹರ್ ಎಂಬ ನಾಟಕವನ್ನು ರಚಿಸಿದ್ದಾರೆ. 2018ರ ಜೂನ್ 26ರಂದು, ಇವರ 145ನೆಯ ಜನ್ಮದಿನದ ಸಂದರ್ಭದಲ್ಲಿ, ಗೂಗಲ್ ತನ್ನ ಮುಖಪುಟದಲ್ಲಿ ಇವರ ಚಿತ್ರವನ್ನು ಪ್ರಕಟಿಸಿ ಗೌರವ ಸಲ್ಲಿಸಿತು. ಇವರ ಹಲವು ಹಾಡುಗಳು ಇಂದು ಡಿಜಿಟಲ್ ರೂಪದಲ್ಲಿ ಕೇಳಲು ದೊರೆಯುತ್ತವೆ.