ಮಹಾವೀರಾಚಾರ್ಯರು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಮಹಾವೀರಾಚಾರ್ಯರು ಜೈನ ಗಣಿತಜ್ಞರು. ಆಗ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದು ಭಾಗವಾಗಿಯೇ ಉಳಿದಿತ್ತು. ಸುಮಾರು 850ರಲ್ಲಿ ಆಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವಾದರೋ ಗಣಿತಕ್ಕೇ ಮೀಸಲಾದ ಗ್ರಂಥ.

ಅದರಲ್ಲಿ ಒಂದು ಸೊಗಸಾದ ಲೆಕ್ಕವಿದೆ. 80 ಅಂಗುಲ ಉದ್ದದ ಕರಿನಾಗರವೊಂದು ದಿನದ 5/14 ಭಾಗದಲ್ಲಿ ಏಳೂವರೆ ಅಂಗುಲ ಬಿಲದೊಳಕ್ಕೆ ಸರಿಯುತ್ತದೆ. ಆದರೆ ಕಾಲು ದಿನಕ್ಕೆ 11/4 ಅಂಗುಲದಂತೆ ಅದರ ಬಾಲ ಬೆಳೆಯುತ್ತಲೂ ಇರುತ್ತದೆ! ಹಾವು ಪೂರ್ಣವಾಗಿ ಒಳಸೇರುವುದು ಯಾವಾಗ? ಎರಡು ಗತಿಗಳನ್ನೂ ಒಂದೇ ಕಾಲಮಾನಕ್ಕೆ ತರಬೇಕು. ದಿನಕ್ಕೆ ಸರಿಯುವುದು 21 ಅಂಗುಲ, ಬೆಳೆಯುವುದು 11; ನಿಜವಾದ ಗತಿ 10. ಆದುದರಿಂದ ಎಂಟು ದಿನ ಬೇಕು.

ಕಾಲವನ್ನು ಮರೆತು ವೇಗಗಳನ್ನಷ್ಟೇ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಅಂತರಘಟ್ಟೆಯಿಂದ ಅಜ್ಜಂಪುರಕ್ಕೆ ಗಂಟೆಗೆ 6 ಕಿ.ಮೀ.ನಂತೆ ನಡೆದು, ಅದೇ ದಾರಿಯಲ್ಲಿ 4 ಕಿ.ಮೀ.ನಂತೆ ಮರಳಿದವನ ಸರಾಸರಿ ವೇಗ 5 ಅಲ್ಲ, 4.8. ದೂರ ಎಷ್ಟೇ ಇರಲಿ, ನಿಧಾನದ ನಡಿಗೆಗೆ ಹೆಚ್ಚು ಹೊತ್ತು ಹಿಡಿದಿರುತ್ತದೆ.

ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆಂದು ಆಚಾರ್ಯರು ಬರೆದುದು ಸರಿಯಲ್ಲ. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನು ಅವರು ಅಂದೇ ಕಂಡಿದ್ದರು. ಮುಂದೆ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಇದನ್ನು ಪ್ರಕಟಿಸಿದ ಮೇಲೆ ಜಗತ್ತಿನ ವಿದ್ವಾಂಸರ ದೃಷ್ಟಿ ಇದರತ್ತ ಹರಿಯಿತು.